ಮಳೆಗಾಲದ ಸನ್‌ಸ್ಕ್ರೀನ್

ಶನಿವಾರ, ಭಾನುವಾರ ನಾನು ಮುಂಬಯಿಯ ಮೈದಾನಗಳಲ್ಲಿ ಕ್ರಿಕೆಟ್ ಅಂಪೈರ್. ಉಳಿದ ದಿನಗಳಲ್ಲಿ ರಬ್ಬರ್ ಸಾಮಾನು ಮಾಡುವ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಎರಡೂ ಕಡೆ ಕೆಲಸ ಒಂದೇ. ಜನ ನನ್ನ ಕಡೆ ತಿರುಗಿ ಕೂಗುತ್ತಾರೆ, ನಾನು ಮುಖದ ಮೇಲೆ ಏನೂ ತೋರಿಸದೆ ನಿಂತಿರುತ್ತೇನೆ. ಇಪ್ಪತ್ತು ವರ್ಷ ಏನನ್ನೂ ತೋರಿಸದ ಈ ಮುಖದ ಮೇಲೆ, ಐವತ್ತೊಂದನೆಯ ವಯಸ್ಸಿನಲ್ಲಿ, ಕೆಳತುಟಿಯ ಕೆಳಗೆ ಒಂದು ಬಿಳಿ ಚುಕ್ಕೆ ತಾನಾಗಿಯೇ ಬಂದು ಕೂತಿತು.

ಮೊದಲು ಟೂತ್‌ಪೇಸ್ಟ್ ಅಂದುಕೊಂಡೆ. ಎರಡು ದಿನ ಉಜ್ಜಿದೆ. ಮೂರನೆಯ ದಿನ ಹೆಂಡತಿ, "ರೀ, ಅದು ಹೋಗೂದಲ್ಲ ಬಿಡ್ರಿ. ಡಾಕ್ಟರಿಗೆ ತೋರಸ್ರಿ" ಎಂದಳು. ತೋರಿಸುವಷ್ಟರಲ್ಲಿ ಎಡಗೆನ್ನೆಗೊಂದು, ಕಣ್ಣಿನ ಪಕ್ಕಕ್ಕೊಂದು ಬಂದಿತ್ತು. ಪರೇಲಿನ ಚರ್ಮದ ಡಾಕ್ಟರು ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಚೆಂದದ ಹೆಸರು ಹೇಳಿದರು. ನಮ್ಮ ಧಾರವಾಡದಲ್ಲಿ ಅದಕ್ಕೆ ತೊನ್ನು ಅನ್ನುತ್ತಾರೆ. ಅಂಟುವುದಿಲ್ಲ, ನೋಯುವುದಿಲ್ಲ, ಆದರೆ ಬಿಳಿ ಜಾಗ ಬಿಸಿಲಿಗೆ ಬೇಗ ಸುಡುತ್ತದೆ, ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಎಂದರು. ಮುಚ್ಚಿಕೊಳ್ಳಿ ಎಂದು ಅವರು ಹೇಳಲಿಲ್ಲ. ಅದನ್ನು ನಾನೇ ಸೇರಿಸಿಕೊಂಡೆ.

ಮಗಳು ಮೊಬೈಲಿನಲ್ಲಿ ಹುಡುಕಿ ಒಂದು ಕಡ್ಡಿ ತರಿಸಿದಳು. ಬುಡ ತಿರುಗಿಸಿದರೆ ಅಂಟಿನ ಕಡ್ಡಿಯ ಹಾಗೆ ಮೇಲೆ ಬರುತ್ತದೆ. "ಪಪ್ಪಾ, ಇದು ನ್ಯಾಚುರಲ್ ಇದೆ. ಮಿನರಲ್‌ವಾಲಾ. ಕೆಮಿಕಲ್ ಬಿಲ್ಕುಲ್ ಇಲ್ಲ" ಎಂದಳು. ಕನ್ನಡದಲ್ಲಿ ಅವಳು ಒಮ್ಮೆಗೆ ಇಷ್ಟು ಮಾತಾಡುವುದು ಅಪರೂಪ, ಹಾಗಾಗಿ ನಾನು ವಾದ ಮಾಡಲಿಲ್ಲ. ಕವರಿನ ಮೇಲೆ ಎಲೆ, ಹೂವು, ಒಂದು ಬೆಟ್ಟ. ಒಳಗಿದ್ದದ್ದು ಝಿಂಕ್ ಆಕ್ಸೈಡ್. ನಮ್ಮ ಸ್ಟೋರ್ಸಿಗೆ ಅದು ರಬ್ಬರಿಗೆ ಬೆರೆಸಲು ಚೀಲಗಟ್ಟಲೆ ಬರುತ್ತದೆ. ಆ ಚೀಲಗಳ ಮೇಲೆ ಹೂವು ಇರುವುದಿಲ್ಲ.

ಪ್ರತಿ ಕೆನ್ನೆಗೆ ಮೂರು ಗೆರೆ ಎಳೆದು ಬೆರಳಲ್ಲಿ ಹರಡಬೇಕು, ಚರ್ಮದಲ್ಲಿ ಬೆರೆತು ಕಾಣದಂತಾಗುತ್ತದೆ ಎಂದು ಬರೆದಿತ್ತು. ಯಾರ ಚರ್ಮದಲ್ಲಿ ಎಂದು ಬರೆದಿರಲಿಲ್ಲ. ನನ್ನದು ಅಪ್ಪಟ ಜವಾರಿ ಕಪ್ಪು. ಹಚ್ಚಿಕೊಂಡು ಕನ್ನಡಿ ನೋಡಿದರೆ, ಚಾಳಿನ ಗೋಡೆಗೆ ಮೊದಲ ಕೋಟು ಸುಣ್ಣ ಹೊಡೆದು ಕೂಲಿಯವರು ಊಟಕ್ಕೆ ಹೋದ ಹಾಗಿತ್ತು. ಆದರೆ ತೊನ್ನು ಮಾತ್ರ ಕಾಣಲಿಲ್ಲ. ಇಡೀ ಮುಖವೇ ಬಿಳಿಯಾದ ಮೇಲೆ ಅದರಲ್ಲಿ ಸ್ವಂತದ ಬಿಳಿ ಯಾವುದು ಎಂದು ಯಾರು ಹುಡುಕುತ್ತಾರೆ?

ಮೈದಾನದಲ್ಲಂತೂ ಯಾರೂ ಕೇಳಲಿಲ್ಲ. ಅಲ್ಲಿ ಅರ್ಧ ಆಟಗಾರರ ಮೂಗು, ಕೆನ್ನೆ ಬೆಳ್ಳಗೇ ಇರುತ್ತವೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಎಂಬ ಸೂಚನೆ ಊಟಕ್ಕೂ ಟೀಗೂ ಸರಿಯಾಗಿ ಹೊಂದುತ್ತಿತ್ತು. ಧೈರ್ಯ ಬಂದು ಸೋಮವಾರವೂ ಹಚ್ಚಿಕೊಂಡೆ. ಲೋಕಲ್‌ನಲ್ಲಿ ಹಚ್ಚಿಕೊಂಡು ಹೋದೆ, ಸ್ಟೋರ್ಸಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಹಚ್ಚಿಕೊಂಡು ಕೂತೆ. ಯಾರಾದರೂ ಕೇಳಿದರೆ, "ಬಿಸಿಲು, ಬಾಬಾ, ಬಿಸಿಲು" ಎನ್ನುತ್ತಿದ್ದೆ.

ಜೂನ್ ಬಂತು. ಮುಂಬಯಿಯಲ್ಲಿ ಮಳೆಗಾಲದಲ್ಲೂ ಕ್ರಿಕೆಟ್ ಆಡುತ್ತಾರೆ. ಇಲ್ಲಿನ ಜನಕ್ಕೆ ಹೇಳುವವರು ಯಾರು? ನನ್ನ ಜೊತೆಯ ಅಂಪೈರ್ ಮಾಟುಂಗದವರು, ಮೂಲ ಉಡುಪಿ ಕಡೆ. ಒಂದು ದಿನ ಕೊಡೆ ಮಡಚುತ್ತಾ, "ಎಂಥದು ಮಾರಾಯ್ರೆ, ಮಳೆಗೂ ಕ್ರೀಮಾ?" ಎಂದರು.

"ಮೋಡ ಇದ್ದರೂ ಕಿರಣ ಬರ್ತಾವ್ರಿ" ಎಂದೆ. ಅದು ನಿಜ. ಇಷ್ಟು ಅನುಕೂಲದ ನಿಜ ನನಗೆ ಜೀವನದಲ್ಲಿ ಹೆಚ್ಚು ಸಿಕ್ಕಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ನಮ್ಮ ಮನೆಯಲ್ಲಿ ತೊನ್ನು ಹೊಸದಲ್ಲ. ಅವ್ವನ ಅಕ್ಕ, ನನ್ನ ದೊಡ್ಡವ್ವ, ನಮ್ಮ ಜೊತೆಗೇ ಇದ್ದಳು. ಗೊತ್ತಾಗಿದ್ದ ಮದುವೆ ತೊನ್ನು ಕಂಡ ಮೇಲೆ ಮುರಿದಿತ್ತು. ಅವಳು ಮುಖಕ್ಕೆ, ಕತ್ತಿಗೆ, ಕೈಗಳಿಗೆ ಸಹ ದಪ್ಪಗೆ ಪೌಡರ್ ಹಚ್ಚಿಕೊಂಡೇ ಕೋಣೆಯಿಂದ ಹೊರಗೆ ಬರುತ್ತಿದ್ದಳು. ಮದುವೆ, ಮುಂಜಿ ಎಂದರೆ ಮನೆ ಕಾಯಲು ಉಳಿಯುತ್ತಿದ್ದಳು. ನಾನು ಏಳೆಂಟು ವರ್ಷದವನಿದ್ದಾಗ ಒಂದು ನಾಗರಪಂಚಮಿಗೆ ಅವಳು ಶೇಂಗಾ ಉಂಡಿ ಕೊಡಲು ಕೈ ಚಾಚಿದಳು. ಕೈ ಮೇಲಿನ ಬಿಳಿ ಮಚ್ಚೆ ನೋಡಿ ನಾನು "ಒಲ್ಲೆ" ಎಂದು ಓಡಿಹೋದೆ. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಜುಲೈನಲ್ಲಿ ಅವ್ವ ಬಂದಳು. ಧಾರವಾಡದಲ್ಲಿ ಅಣ್ಣನ ಮನೆಯಲ್ಲಿರುತ್ತಾಳೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದನ್ನು ಪರೇಲಿನಲ್ಲಿ ತೆಗೆಸುವುದೆಂದು ನಿಶ್ಚಯಿಸಿ ಅಣ್ಣ ಕರೆತಂದು ಬಿಟ್ಟುಹೋದ. ಅವಳ ಪಾಲಿಗೆ ನಾನು ಬಾಗಿಲಲ್ಲಿ ನಿಂತ ಒಂದು ಉದ್ದನೆಯ ಮಬ್ಬು. ಕೈ ಸವರಿ, "ಸೊರಗಿದಿ" ಎಂದಳು. ಯಾವತ್ತೂ ಹಾಗೇ ಅನ್ನುತ್ತಾಳೆ.

ಆಪರೇಶನ್‌ಗೆ ಮುಂಚಿನ ಐದು ದಿನ ಮನೆಯಲ್ಲಿ ನಾನು ಕಡ್ಡಿ ಮುಟ್ಟಲಿಲ್ಲ. ಅವಳ ಎದುರಿಗೇ ಬರಿ ಮುಖದಲ್ಲಿ ಕೂತು ರೊಟ್ಟಿ ತಿಂದೆ. ಅಷ್ಟು ನಿಶ್ಚಿಂತೆಯಿಂದ ಎಷ್ಟೋ ತಿಂಗಳಿಂದ ಉಂಡಿರಲಿಲ್ಲ.

ಹೆಂಡತಿ ಬಿಡಲಿಲ್ಲ. "ಪಟ್ಟಿ ಬಿಚ್ಚಿದ ಮ್ಯಾಲೆ ಏನ್ ಮಾಡಾವ್ರು? ಈಗ ಹೇಳಿಬಿಡ್ರಿ."

"ಹೇಳ್ತೀನಿ."

"ಯಾವಾಗ?"

"ಲೈಟ್ ನೋಡ್ಕೊಂಡು" ಎಂದೆ. ಆಟ ನಿಲ್ಲಿಸುವುದೋ ನಡೆಸುವುದೋ ಎಂಬ ಸಂದಿಗ್ಧದಲ್ಲಿ ಅಂಪೈರ್‌ಗಳು ಹಾಗೇ ಹೇಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಭಯವಿತ್ತು. ಅಕ್ಕನ ಸಂಕಟವನ್ನು ಜೀವಮಾನವೆಲ್ಲ ಕಂಡವಳು ಹೊಸ ಕಣ್ಣಿನಿಂದ ಮೊದಲು ನೋಡುವುದು ಇದನ್ನೇ? ನಾವು ದೊಡ್ಡವ್ವನನ್ನು ನೋಡುತ್ತಿದ್ದ ಹಾಗೆ ಅವ್ವ ನನ್ನನ್ನು ನೋಡಿಬಿಟ್ಟರೆ?

ಪಟ್ಟಿ ಬಿಚ್ಚುವ ದಿನ ಮೂರು ಕೋಟು ಹಚ್ಚಿದೆ.

ಕಣ್ಣಿನ ಡಾಕ್ಟರು ಪಟ್ಟಿ ತೆಗೆದು ಎರಡು ಬೆರಳು ತೋರಿಸಿದರು. ಅವ್ವ "ಎರಡ" ಎಂದಳು. ಡಾಕ್ಟರಿಗೆ ಖುಷಿಯಾಯಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಏನೋ ಇದು? ಮಾರಿಗೆ ಸುಣ್ಣಾ ಬಳಕೊಂಡು ಬಂದಿ?"

"ಬಿಸಿಲಿಗೆ ಬೇ. ಡಾಕ್ಟರ್ ಹೇಳ್ಯಾರ."

ಅವ್ವ ಕಿಟಕಿಯ ಕಡೆ ನೋಡಿದಳು. ಬೆಳಗಿನಿಂದ ಧೋ ಎಂದು ಸುರಿಯುತ್ತಿತ್ತು. ಅವಳಿಗೆ ಈಗ ಒಂದೊಂದು ಹನಿಯೂ ಕಾಣುತ್ತಿತ್ತು. "ಎಲ್ಲೈತಿ ಬಿಸಿಲು?" ಎಂದಳು.

ಮೋಡದ ಕಿರಣಗಳ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಅಲ್ಲೇ ಬಿಟ್ಟು, ಅವ್ವನ ಕೈ ಹಿಡಿದು ಹೊರಗೆ ಕರೆತಂದೆ.

ಚೆಂಬೂರಿನ ನಮ್ಮ ಮನೆಗೆ ಟ್ಯಾಕ್ಸಿ ಹಿಡಿದೆವು. ಸ್ವಲ್ಪ ದೂರ ಹೋಗುವುದರೊಳಗೆ ಅವ್ವ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಣೆಗೇರಿಸಿದಳು.

"ಡಾಕ್ಟರ್ ತೆಗೀಬ್ಯಾಡ ಅಂದಾರ ಬೇ."

"ಡಾಕ್ಟರ್ ಮಗನ ಮಾರಿ ನೋಡೂದಿಲ್ಲೇನು? ಕುಂಡ್ರು ಸುಮ್ಮ." ನನ್ನ ಬಾಟಲಿಯ ನೀರಿನಲ್ಲಿ ಸೆರಗು ಅದ್ದಿ, ಗದ್ದ ಹಿಡಿದು, ಶಾಲೆಗೆ ಹೊರಟ ಹುಡುಗನಿಗೆ ಒರೆಸಿದ ಹಾಗೆ ಒರೆಸತೊಡಗಿದಳು. ನೀರಿಗೆ ಜಗ್ಗುವುದಿಲ್ಲ ಎಂದು ಕಡ್ಡಿಯ ಮೇಲೆ ಬರೆದಿತ್ತು. ಅದೊಂದು ಮಾತು ಖರೆ ಇತ್ತು. ಆದರೂ ಅವ್ವ ಬಿಡಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ತುಟಿಯ ಕೆಳಗೆ ಬಂದಾಗ ಅವಳ ಕೈ ನಿಂತಿತು.

ಟ್ಯಾಕ್ಸಿ ಸಾಯನ್ ದಾಟಿತು. ಆಮೇಲೆ ಅಲ್ಲೇ ಬೆರಳಿಟ್ಟು, "ನಮ್ಮಕ್ಕಂದೂ ಇಲ್ಲಿಂದನ ಶುರು ಆಗಿತ್ತು" ಎಂದಳು.

"ಹೂಂ."

"ಪೌಡರ್ ಡಬ್ಬಿ ನಾನೇ ತಂದು ಕೊಟ್ಟಿದ್ದೆ. ಮಂದಿ ನೋಡ್ತಾರ, ಹಚ್ಕೋ ಅಂತ ನಾನೇ ಅಂದಿದ್ದೆ. ಒಂದ ಮನ್ಯಾಗ ಮೂವತ್ತು ವರ್ಷ ಇದ್ವಿ ನೋಡು. ಅಕಿ ಸತ್ತ ದಿನ ಮೈ ತೊಳಿಯೂಮುಂದ ಅಕಿ ಬರಿ ಮಾರಿ ನೋಡಿದೆ." ಸೆರಗನ್ನು ಹಿಂಡಿದಳು. "ಚಂದ ಇದ್ಳೋ."

ನನ್ನ ಬಾಯಿಯಿಂದ ತಾನಾಗಿಯೇ ಬಂತು. "ಯವ್ವಾ, ನಾ ಸಣ್ಣವ ಇದ್ದಾಗ ಪಂಚಮಿಗೆ ದೊಡ್ಡವ್ವನ ಕೈಯಾಗಿನ ಉಂಡಿ ಒಲ್ಲೆ ಅಂದಿದ್ದೆ."

"ಗೊತ್ತೈತಿ" ಎಂದಳು ಅವ್ವ. "ಅವತ್ತಿಂದ ಅಕಿ ಕೈಗೂ ಪೌಡರ್ ಹಚ್ಚಾಕ ಹತ್ತಿದ್ಳು."

ಟ್ಯಾಕ್ಸಿಯಲ್ಲಿ ಕೂತು ನಾನು ಅತ್ತೆ. ಕ್ರೀಮು ಕಣ್ಣಿಗೆ ಇಳಿದು ಉರಿಯಿತು ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅವ್ವ ಬೆನ್ನು ಸವರುತ್ತಾ, "ಅಳಬ್ಯಾಡ, ಹುಚ್ಚಪ್ಪ. ನನಗ ಅಳಾಕ ಬ್ಯಾಡ ಅಂದಾರ ಡಾಕ್ಟರ್" ಎಂದಳು.

ಅಷ್ಟರಲ್ಲಿ ಮುಂದಿನ ಸೀಟಿನಿಂದ, "ಯವ್ವಾ, ಚಶ್ಮಾ ಹಾಕ್ಕೊಳ್ರಿ. ಕಣ್ಣಿಗಿ ಗಾಳಿ ಬಡೀತದ" ಎಂಬ ದನಿ ಬಂತು. ಡ್ರೈವರ್ ವಿಜಯಪುರದ ಸಾಬರು. ಪರೇಲಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಇಷ್ಟು ತಿಂಗಳು ನಾನು ಊರಿಗೆಲ್ಲ ಮುಚ್ಚಿಟ್ಟದ್ದು ಒಂದೇ ಸವಾರಿಯಲ್ಲಿ ಬಯಲಾಗಿತ್ತು, ಅವರ ಚಿಂತೆಯೆಲ್ಲ ಅವ್ವನ ಚಶ್ಮಾದ್ದು. ಅವ್ವ ಕನ್ನಡಕ ಹಾಕಿಕೊಂಡು ಅವರಿಗೆ ಮಕ್ಕಳೆಷ್ಟು ಎಂದು ವಿಚಾರಿಸಿದಳು.

ಆ ಭಾನುವಾರ ಬೆಳಿಗ್ಗೆ ಮಳೆ ಹೊಳವಾಗಿ ಸುಡುವ ಬಿಸಿಲು ಬಿದ್ದಿತು. ಮ್ಯಾಚಿತ್ತು. ನಾನು ಕಡ್ಡಿ ತೆಗೆದೆ. ಅವ್ವ ಕೈಯಿಂದ ಕಸಿದುಕೊಂಡು, ಬುಡವನ್ನು ಉಲ್ಟಾ ತಿರುಗಿಸಿ, ಬೈದು, ಮತ್ತೆ ಸರಿಯಾಗಿ ತಿರುಗಿಸಿ, ಮೂರು ಬಿಳಿ ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿದಳು. "ಬಿಸಿಲಿದ್ದರ ಹಚ್ಕೋ. ಮಂದಿ ಇದ್ದಾರಂತ ಹಚ್ಕೋಬ್ಯಾಡ" ಎಂದಳು.

ಮೈದಾನದಲ್ಲಿ ಉಡುಪಿಯವರು ನನ್ನ ಮುಖ ನೋಡಿದರು. "ಇವತ್ತು ಕ್ರೀಮ್ ಕಮ್ಮಿ ಉಂಟಲ್ಲ ಮಾರಾಯ್ರೆ?"

"ತೊನ್ನು ರೀ" ಎಂದೆ.

"ಹೌದಾ" ಎಂದರು. ಜೇಬು ತಡಕುತ್ತಾ, "ಬಾಲ್ ನಿಮ್ಮ ಹತ್ರ ಉಂಟಾ, ನನ್ನ ಹತ್ರವಾ?" ಎಂದು ಕೇಳಿದರು.

ಟೀ ಹೊತ್ತಿಗೆ ಮೋಡ ಕವಿದು ಕತ್ತಲಾಯಿತು. ಮತ್ತೆ ಹಚ್ಚಿಕೊಳ್ಳುವ ಹೊತ್ತು ಅದು. ಕಡ್ಡಿ ಜೇಬಿನಲ್ಲೇ ಇತ್ತು. ಕರವಸ್ತ್ರ ಒದ್ದೆ ಮಾಡಿ, ಅವ್ವನಷ್ಟೇ ಜೋರಾಗಿ ಮುಖ ಒರೆಸಿಕೊಂಡು, ಹೋಗಿ ವಿಕೆಟ್ಟಿನ ಹಿಂದೆ ನಿಂತೆ. ಮೊದಲನೆಯ ಬಾಲ್ ಪ್ಯಾಡಿಗೆ ಬಡಿಯಿತು. ಹನ್ನೊಂದು ಜನ ಒಟ್ಟಿಗೆ ತಿರುಗಿ, ನನ್ನ ಮುಖವನ್ನೇ ನೋಡುತ್ತಾ ಗಂಟಲು ಹರಿಯುವಂತೆ ಕೂಗಿದರು. ನಾನು ಅವರೆಲ್ಲ ಕಣ್ತುಂಬ ನೋಡಲಿ ಎಂದು ಸಾವಕಾಶವಾಗಿ ನಿಂತು, ನಾಟ್ ಔಟ್ ಎಂದೆ.