ಸೊಲಾಂಜಳ ನಲವತ್ತನಾಲ್ಕನೆಯ ಚಳಿಗಾಲ

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ರೆಜಿ ಮೋನೋ ಒಂದೂವರೆ ಸಾಲು ದ್ರಾಕ್ಷಿಬಳ್ಳಿ ಸವರಿ ಮುಗಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, ತನ್ನ ಕೆಲಸವನ್ನು ತಾನೇ ಮೆಚ್ಚುತ್ತ ನಿಂತಿದ್ದ. ಐವತ್ತೆರಡರ ವಯಸ್ಸಿನಲ್ಲಿ ಸೊಂಟ ನೆಟ್ಟಗಾಗುವುದೇ ಒಂದು ಸಾಧನೆ. ಅದರ ಮೇಲೆ ಒಂದೂವರೆ ಸಾಲು ಅಂದರೆ ನೂರೈವತ್ತು ಬಳ್ಳಿ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹತ್ತು ಮಾರು ಆಚೆಗಿನ ಕಂಬ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿಂದ ಮೊದಲು ಹೊಗೆಯ ವಾಸನೆ, ಆಮೇಲೆ ಚಕ್ರದ ಕಿರ್ರೆನ್ನುವ ಸದ್ದು, ಅದರ ಹಿಂದೆ ಅವನ ತೋಟದ ಹಳೆಯ ಕೆಲಸಗಾರ್ತಿ ಸೊಲಾಂಜ್ ಪೆರ್ರೋ ಬಂದಳು. ಎಣ್ಣೆಯ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಚಕ್ರ ಕಟ್ಟಿದ ಬೆಂಕಿಗಾಡಿಯನ್ನು ಆಕೆ ತಳ್ಳುತ್ತಿದ್ದಳು. ಸವರಿದ ಕಡ್ಡಿಗಳನ್ನು ಅಲ್ಲಲ್ಲೇ ಸುಡುವುದಕ್ಕೆ ಅದು ಬೇಕು. ಕೈ ಕಾಯಿಸಿಕೊಳ್ಳುವುದಕ್ಕೆ ಇನ್ನೂ ಹೆಚ್ಚು ಬೇಕು.

ಆಕೆ ಮಂಜಿನಲ್ಲಿ ಕಣ್ಣಿಗೆ ಕಂಡಷ್ಟು ಸಾಲನ್ನು ಒಮ್ಮೆ ನೋಡಿದಳು.

"ಚೆನ್ನಾಗಿ ಸವರಿದೀಯ," ಅಂದಳು.

ತೋಟ ಹಿಡಿದ ಹನ್ನೆರಡು ವರ್ಷದಲ್ಲಿ ಆಕೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ರೆಜಿಯ ಕಿವಿ ಬಿಸಿಯಾಯಿತು.

"ನಿಜವಾಗ್ಲೂ?"

"ನಿಜವಾಗ್ಲೂ. ಬಾಜ್ರೋಲ್‌ಗೆ ಹೇಳಿ ಕಳಿಸ್ಬೇಕು. ಅವನದು ಈ ಸಾಲು."

ಬರ್ಗಂಡಿ ವೈನ್‌ಸೀಮೆಯ ನಮ್ಮ ಈ ಇಳಿಜಾರಿನಲ್ಲಿ ಬೇಲಿ ಅನ್ನುವುದಿಲ್ಲ. ಅಪ್ಪ ಸತ್ತಾಗ ಮಕ್ಕಳು ತೋಟವನ್ನು ರೊಟ್ಟಿಯ ಹಾಗೆ ಹೋಳು ಮಾಡಿಕೊಂಡರು, ಅವರ ಮಕ್ಕಳು ಆ ಹೋಳನ್ನು ಮತ್ತೆ ಹೋಳು ಮಾಡಿದರು. ಈಗ ಒಂದೇ ಹೆಸರಿನ ತೋಟಕ್ಕೆ ಒಂಬತ್ತು ಜನ ಒಡೆಯರು. ನನ್ನ ಹತ್ತು ಸಾಲು, ನಿನ್ನ ನಾಲ್ಕು ಸಾಲು, ನಡುವೆ ಹುಲ್ಲಿನಡಿ ಹುದುಗಿದ ಒಂದು ಗಡಿಕಲ್ಲು. ಊರಿನ ನಾಯಿಗೂ ಯಾರ ಸಾಲು ಯಾವುದೆಂದು ಗೊತ್ತು. ಪರರ ಹೆಂಡತಿಯ ಜೊತೆ ಓಡಿಹೋದವನನ್ನು ನಮ್ಮೂರು ಐದು ವರ್ಷದಲ್ಲಿ ಮರೆತು ಊಟಕ್ಕೆ ಕರೆಯುತ್ತದೆ. ಪರರ ಸಾಲು ಸವರಿದವನನ್ನು ಅವನ ಮೊಮ್ಮಗನ ಮದುವೆಯಲ್ಲೂ ನೆನೆಯುತ್ತದೆ.

ಬಾಜ್ರೋಲ್ ಮುದುಕ ಕಾಲುಗಂಟೆಯಲ್ಲಿ ಬಂದ. ಎಪ್ಪತ್ತು ದಾಟಿದವನು, ನಡೆಯುವುದು ನಿಧಾನ, ನಗುವುದು ಅದಕ್ಕಿಂತ ನಿಧಾನ.

"ಏನ್ ಮೇಷ್ಟ್ರೇ! ಇಪ್ಪತ್ತು ವರ್ಷ ಮಕ್ಕಳಿಗೆ ಯಾವ ದೇಶದ ಗಡಿ ಎಲ್ಲಿ ಅಂತ ಹೇಳ್ಕೊಟ್ರಲ್ಲ, ನಿಮ್ಮಪ್ಪನ ಜಮೀನಿನ ಗಡಿ ಮಾತ್ರ ಆ ಪುಸ್ತಕದಲ್ಲಿ ಇರ್ಲಿಲ್ವಾ?"

ರೆಜಿ ಒಂದು ಕಾಲದಲ್ಲಿ ಡಿಜೋನ್‌ನಲ್ಲಿ ಭೂಗೋಳದ ಮೇಷ್ಟ್ರಾಗಿದ್ದ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು ತೋಟ ಹಿಡಿದ. ಊರು ಅವನನ್ನು ಇವತ್ತಿಗೂ ಮೇಷ್ಟ್ರೇ ಅನ್ನುತ್ತದೆ, ಗೌರವಕ್ಕಲ್ಲ.

"ಮಂಜು ಇತ್ತು, ಬಾಜ್ರೋಲ್. ಕಂಬ ಎಣಿಸೋದ್ರಲ್ಲಿ ತಪ್ಪಾಯ್ತು."

"ಮಂಜು ನನ್ನ ಕಣ್ಣಿಗೂ ಇತ್ತಪ್ಪ. ನಾನು ಮನೇಲಿ ಕೂತಿದ್ದೆ." ಮುದುಕ ಬಗ್ಗಿ ಒಂದು ಬಳ್ಳಿ ನೋಡಿದ. ಪ್ರತಿ ಬಳ್ಳಿಯಲ್ಲೂ ಈ ವರ್ಷ ಕಾಯಿ ಬಿಡಲಿಕ್ಕೆ ಒಂದು ಉದ್ದ ಕಡ್ಡಿ, ಮುಂದಿನ ವರ್ಷಕ್ಕೆಂದು ಎರಡು ಚಿಗುರುಗಣ್ಣು ಇರುವ ಒಂದು ಗಿಡ್ಡ ಕಡ್ಡಿ ಉಳಿಸಬೇಕು. ರೆಜಿ ಎಷ್ಟೋ ಕಡೆ ಬೇಡದ್ದನ್ನೆಲ್ಲ ಉಳಿಸಿದ್ದ, ಕೆಲವು ಕಡೆ ಬೇಕಾದದ್ದನ್ನೇ ಹಾರಿಸಿದ್ದ. "ಇದೇನಿದು? ಹಜಾಮರ ಅಂಗಡಿಯಲ್ಲಿ ಕರೆಂಟು ಹೋದ ಹಾಗಿದೆ. ನೋಡಿ, ಪದ್ಧತಿ ನಿಮಗೂ ಗೊತ್ತು. ಒಂದೂವರೆ ಸಾಲು ಮುಟ್ಟಿದೀರಿ, ಮೂರು ಸಾಲು ಸವರಿ ಕೊಡಿ, ಇದನ್ನೂ ರಿಪೇರಿ ಮಾಡಿ. ಆದರೆ ನಿಮ್ಮ ಕೈ ಬೇಡ. ಸೊಲಾಂಜಳ ಕೈ."

ಸೊಲಾಂಜ್ ಬೆಂಕಿಯ ಮೇಲೆ ಬಲಗೈ ಹಿಡಿದು, ಒದ್ದೆಯಾದ ಕೈಯಿಂದ ನೀರು ಕೊಡವುವ ಹಾಗೆ ಎರಡು ಸಲ ಕೊಡವಿದಳು.

"ಆಯ್ತು," ಅಂದಳು.

ಆ ಎರಡು ಸಲ ಕೊಡವಿದ್ದನ್ನು ರೆಜಿ ನೋಡಿದ. ನೋಡಬಾರದಿತ್ತು ಅನ್ನಿಸಿತು. ಯಾಕೆಂದರೆ ಆ ಮಣಿಕಟ್ಟಿನ ವಿಷಯ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದರಲ್ಲಿ ಅವನ ಪಾಲೂ ಇತ್ತು.

ಸೊಲಾಂಜ್ ಹುಟ್ಟಿದ್ದು ಇಲ್ಲಲ್ಲ. ನದಿಯಾಚೆಯ ಬ್ರೆಸ್ ಬಯಲಿನಲ್ಲಿ, ಕೋಳಿ ಸಾಕುವವರ ಮನೆಯಲ್ಲಿ. ಹದಿನೆಂಟರಲ್ಲಿ ಹತ್ತು ದಿನದ ದ್ರಾಕ್ಷಿ ಕೊಯ್ಲಿಗೆಂದು ಬಂದವಳು. ಹನ್ನೊಂದನೆಯ ದಿನ ಲೂಸ್ಯಾನ್ ಅನ್ನುವ ಟ್ರ್ಯಾಕ್ಟರ್ ಓಡಿಸುವ ಹುಡುಗ ಬಸ್‌ಸ್ಟಾಪಿಗೆ ಬಿಡುತ್ತೇನೆಂದು ಹತ್ತಿಸಿಕೊಂಡು ಹೋಗಿ ದಾರಿ ತಪ್ಪಿದ. ಹಳ್ಳಿಯಿಂದ ಬಸ್‌ಸ್ಟಾಪಿಗೆ ಇರುವುದು ಒಂದೇ ದಾರಿ. ಆ ಚಳಿಗಾಲ ಆಕೆಯ ಕೈಗೆ ಕತ್ತರಿ ಬಂತು. ಇದು ನಲವತ್ತನಾಲ್ಕನೆಯ ಚಳಿಗಾಲ. ಒಂಬತ್ತು ವರ್ಷದ ಹಿಂದೆ ಗಂಡ ಲೂಸ್ಯಾನ್ ತೀರಿಕೊಂಡಾಗ ಮಣ್ಣು ಮಾಡಿದ ಮಾರನೆಯ ದಿನವೇ ಆಕೆ ಸಾಲಿನಲ್ಲಿದ್ದಳು. ರೆಜಿ ಮೆಲ್ಲಗೆ, "ನಾಲ್ಕು ದಿನ ಮನೇಲಿರಿ," ಅಂದಿದ್ದ. "ಮನೇಲಿ ಸವರೋಕೆ ಏನಿದೆ?" ಅಂದಿದ್ದಳು.

ಚಳಿಗಾಲಕ್ಕೆ ಮೂವತ್ತು ಸಾವಿರ ಬಳ್ಳಿ, ಬಳ್ಳಿಗೆ ಏಳೋ ಎಂಟೋ ಸಲ ಕತ್ತರಿ. ನಲವತ್ತನಾಲ್ಕು ಚಳಿಗಾಲದ ಲೆಕ್ಕವನ್ನು ರೆಜಿ ಒಂದು ಸಲ ಕಾಗದದ ಮೇಲೆ ಹಾಕಿ ಉತ್ಸಾಹದಿಂದ ಹೇಳಲು ಹೋದ.

"ಹೇಳ್ಬೇಡ," ಅಂದಳು ಆಕೆ. "ಕೇಳಿದ್ರೆ ಸುಸ್ತಾಗುತ್ತೆ."

ಬೇಸಿಗೆಯಲ್ಲಿ ವೈನು ಅರ್ಥ ಮಾಡಿಕೊಳ್ಳಲು ಜನ ಬರುತ್ತಾರೆ. ರೆಜಿ ನೆಲಮಾಳಿಗೆಯಲ್ಲಿ ಮೇಜಿನ ಮೇಲೆ ಮೂರು ಕಲ್ಲಿಟ್ಟುಕೊಂಡು, ಹಳೆಯ ಕಸುಬಿನ ಚಾಳಿಯಿಂದ ಮುಕ್ಕಾಲು ಗಂಟೆ ಪಾಠ ಮಾಡುತ್ತಾನೆ: ಇಳಿಜಾರಿನ ಮೇಲಿನ ಸುಣ್ಣಕಲ್ಲು, ನಡುವಿನ ಜೇಡಿಯ ಮಿಶ್ರಣ, ಕೆಳಗಿನ ಭಾರದ ಮಣ್ಣು, ಆದ್ದರಿಂದ ಮೇಲಿನ ವೈನು ತೆಳು, ಕೆಳಗಿನದು ಜಡ, ನಡುವಿನದು ಶ್ರೇಷ್ಠ. ಬಂದವರು ಬರೆದುಕೊಳ್ಳುತ್ತಾರೆ, ಆಕಳಿಕೆಯನ್ನು ಲೋಟದೊಳಗೆ ಅಡಗಿಸುತ್ತಾರೆ. ಒಮ್ಮೆ ಡೆನ್ಮಾರ್ಕಿನವನೊಬ್ಬ, ಮೂಲೆಯಲ್ಲಿ ಬಾಟಲಿಗೆ ಚೀಟಿ ಅಂಟಿಸುತ್ತಿದ್ದ ಸೊಲಾಂಜಳನ್ನು ತಿರುಗಿ ಕೇಳಿದ, "ನೀವೇನು ಹೇಳ್ತೀರಿ, ಮದಾಂ?"

"ಮೇಲೆ ಬೂಟಿಗೆ ಮಣ್ಣು ಹತ್ತಲ್ಲ. ಕೆಳಗೆ ಹತ್ತಿದ್ದು ಬಿಡಲ್ಲ. ನಡುವೆ ಹತ್ತುತ್ತೆ, ಒದ್ರೆ ಬಿಡುತ್ತೆ."

ಡೆನ್ಮಾರ್ಕಿನವನು ಅದನ್ನು ಮಾತ್ರ ಎರಡು ಗೆರೆ ಎಳೆದು ಬರೆದುಕೊಂಡ. ರೆಜಿ ಕಲ್ಲುಗಳನ್ನು ಪೆಟ್ಟಿಗೆಗೆ ಹಾಕಿದ.

ಆ ನಡುವಿನ ನೆಲದಲ್ಲಿ ರೆಜಿಗೆ ಇರುವುದು ಒಂದೇ ತುಂಡು. ಅದರ ಹೆಸರು ಕ್ರೋ. ಮೂವತ್ತು ಸಾಲು, ಅವನ ಅಜ್ಜ ನೆಟ್ಟದ್ದು. ಬಳ್ಳಿಗಳೆಲ್ಲ ಮುದಿಯಾಗಿ ಒಂದೊಂದು ಒಂದೊಂದು ಕಡೆ ಸೊಟ್ಟಗಿವೆ. ಉಳಿದ ತೋಟವನ್ನು ಕೂಲಿಯ ತಂಡದವರು ಬ್ಯಾಟರಿ ಕತ್ತರಿಯಲ್ಲಿ ಸವರಿಕೊಟ್ಟಾರು. ಕ್ರೋ ಅವರಿಗೆ ಬಗ್ಗುವುದಿಲ್ಲ. ಅಲ್ಲಿ ಸೊಲಾಂಜ್ ಕೂಡ ಕೈಕತ್ತರಿಯನ್ನೇ ಹಿಡಿಯುತ್ತಾಳೆ. "ಬ್ಯಾಟರಿದು ನಾನು ಯೋಚನೆ ಮಾಡೋಕೆ ಮುಂಚೆ ಕತ್ತರಿಸ್ಬಿಡುತ್ತೆ" ಅನ್ನುತ್ತಾಳೆ.

ಮಣಿಕಟ್ಟಿನ ನರ ಒತ್ತಿಹೋಗಿದೆ, ಕೊಯ್ದು ಸರಿ ಮಾಡಬೇಕು, ತಡ ಮಾಡಿದರೆ ಮೂರು ಬೆರಳು ಹೋದ ಹಾಗೇ ಅಂತ ವೈದ್ಯರು ಹೇಳಿ ಎರಡು ವರ್ಷವಾಗಿತ್ತು. ಮೊದಲ ತಾರೀಖನ್ನು ಆಕೆಯೇ ಕೊಯ್ಲಿನ ನೆಪದಲ್ಲಿ ಮುಂದೂಡಿದಳು. ಎರಡನೆಯದು ಹೋದ ಚಳಿಗಾಲದ್ದು. ಅದನ್ನು ಮುಂದೂಡಿ ಅಂತ ರೆಜಿ ಕೇಳಲಿಲ್ಲ, ಛೆ, ಅಂಥ ಮನುಷ್ಯನಲ್ಲ ಅವನು. ಆಕೆಯ ಅಡುಗೆಮನೆಗೆ ಹೋಗಿ, ಕಾಫಿ ಬಟ್ಟಲು ಮುಂದಿಟ್ಟುಕೊಂಡು, "ಖಂಡಿತ ಮಾಡಿಸ್ಕೊಳ್ಳಿ, ಕ್ರೋ ಏನಾದ್ರೂ ಆಗ್ಲಿ," ಅಂದು ಒಂದು ನಿಟ್ಟುಸಿರು ಬಿಟ್ಟ. ಅಷ್ಟೇ. ಆ ನಿಟ್ಟುಸಿರು ಎಷ್ಟು ಉದ್ದವಿತ್ತೆಂದರೆ ಅದು ಮುಗಿಯುವುದರೊಳಗೆ ಸೊಲಾಂಜ್ ಎದ್ದು ಆಸ್ಪತ್ರೆಗೆ ಫೋನು ಮಾಡಿಬಿಟ್ಟಿದ್ದಳು.

ಮೂರನೆಯ ತಾರೀಖು ಈ ಫೆಬ್ರವರಿ ಹದಿನೇಳು. ಅದಾದ ಮೇಲೆ ಆಕೆ ಕತ್ತರಿ ಹಿಡಿಯುವ ಹಾಗಿಲ್ಲ, ಈ ಚಳಿಗಾಲವೂ ಇಲ್ಲ, ಮುಂದೆಯೂ ಇಲ್ಲ. ಅದಕ್ಕೇ ರೆಜಿ ಕಲಿಯಲು ಹೊರಟಿದ್ದು. ಕಲಿಯಲು ಹೊರಟ ಮೊದಲ ದಿನವೇ ಬಾಜ್ರೋಲನ ಸಾಲಿಗೆ ನುಗ್ಗಿ, ಆಕೆಯ ಮಣಿಕಟ್ಟಿಗೆ ನಾಲ್ಕೂವರೆ ಸಾಲಿನ ಹೊಸ ಕೆಲಸ ಅಂಟಿಸಿದ್ದು.

ಮಾರನೆಯ ದಿನ ಸೊಲಾಂಜ್ ಬಾಜ್ರೋಲನ ಸಾಲಿನಲ್ಲಿ ಬಗ್ಗಿದಳು. ರೆಜಿ ಕಡ್ಡಿ ಆಯುತ್ತ ಹಿಂದೆ ನಡೆದ. ಬಾಜ್ರೋಲ್ ತುದಿಯ ಕಂಬಕ್ಕೆ ಒರಗಿ ಬ್ರೆಡ್ಡು, ಒಣ ಸಾಸೇಜು ಕತ್ತರಿಸಿಕೊಂಡು ತಿನ್ನುತ್ತಿದ್ದ. ನಲವತ್ತನೆಯ ಬಳ್ಳಿಯೋ ಐವತ್ತನೆಯದೋ, ಆಕೆಯ ಕತ್ತರಿ ನೆಲಕ್ಕೆ ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು. ಮೂರನೆಯ ಸಲ ಎತ್ತಿಕೊಳ್ಳಲು ಹೋದಾಗ ಬೆರಳು ಮಡಚಲಿಲ್ಲ. ಆಕೆ ಮಂಡಿಯೂರಿ ಕೂತು, ಆ ಕತ್ತರಿ ಯಾರದೋ ಅನ್ನುವ ಹಾಗೆ ನೋಡಿದಳು.

ರೆಜಿಗೆ ಎದೆಯೊಳಗಿನಿಂದ ಒಂದು ದೊಡ್ಡ ನಿಟ್ಟುಸಿರು ಏಳುತ್ತಿರುವುದು ಗೊತ್ತಾಯಿತು. ಅವನು ಹಲ್ಲು ಕಚ್ಚಿ ಅದನ್ನು ನುಂಗಿದ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಆದರೆ ನಿಟ್ಟುಸಿರು ಬರಗೊಡಲಿಲ್ಲ. ಬಗ್ಗಿ ಕತ್ತರಿ ಎತ್ತಿಕೊಂಡ.

"ನೀವು ಬೆಂಕಿ ಹತ್ರ ಕೂತ್ಕೊಳ್ಳಿ, ಸೊಲಾಂಜ್. ಇನ್ನು ಮುಟ್ಬೇಡಿ."

"ಯಾರು ಸವರೋದು?"

"ನಾನು."

ಸೊಲಾಂಜ್ ಬಾಜ್ರೋಲನ ಮುಖ ನೋಡಿದಳು. ಮುದುಕ ಸಾಸೇಜು ಅಗಿಯುವುದನ್ನು ನಿಲ್ಲಿಸಿ, ಟೋಪಿ ಹಿಂದಕ್ಕೆ ಸರಿಸಿದ.

"ಸವರ್ಲಿ ಬಿಡಮ್ಮ. ಹೇಗೂ ಕೆಟ್ಟಿದೆ. ನನಗೂ ವಯಸ್ಸಾಯ್ತು, ಒಂದು ವರ್ಷ ವೈನು ಬಿಟ್ಟು ನೀರು ಕುಡೀತೀನಿ." ಇನ್ನೊಂದು ಚೂರು ಸಾಸೇಜು ಕತ್ತರಿಸಿಕೊಂಡು, "ಸುದ್ದಿ ಮಾತ್ರ ಊರಿಗೆಲ್ಲ ಹೇಳ್ತೀನಿ, ಅದು ಬಿಡಕ್ಕಾಗಲ್ಲ," ಅಂದ.

ಆವತ್ತಿನಿಂದ ನಾಲ್ಕು ವಾರ ಹಾಗೇ ಕಳೆಯಿತು. ಬಾಜ್ರೋಲನದು ಮುಗಿದ ಮೇಲೆ ಕ್ರೋ. ಸೊಲಾಂಜ್ ಮಗುಚಿದ ಬುಟ್ಟಿಯ ಮೇಲೆ, ಕೈ ಎರಡನ್ನೂ ಕೋಟಿನ ಜೇಬಿನಲ್ಲಿಟ್ಟು, ಗದ್ದದಿಂದಲೇ ತೋರಿಸುತ್ತಿದ್ದಳು.

"ಅದಲ್ಲ. ಅದರ ಕೆಳಗಿಂದು."

"ಇದಾ?"

"ಅದು ಅದರ ಮೇಲಿಂದು. ಕಾಯಿ ಬಿಡೋದು ನಾಳೆ ಅಲ್ಲ, ನಿಧಾನ ನೋಡು."

ಪ್ರತಿ ಬಳ್ಳಿಯ ಮೈಮೇಲೂ ವರ್ಷಕ್ಕೊಂದರಂತೆ ಗಾಯದ ಗುರುತು. ಅವೆಲ್ಲ ಆಕೆಗೆ ಬಾಯಿಪಾಠ. ಇದು ಹಿಮ ಬಿದ್ದ ವರ್ಷ ಸುಟ್ಟದ್ದು. ಇದು ಟ್ರ್ಯಾಕ್ಟರಿಗೆ ಸಿಕ್ಕಿದ್ದು, ಲೂಸ್ಯಾನ್ ಮೂರು ದಿನ ನನ್ನ ಹತ್ರ ಮುಚ್ಚಿಟ್ಟಿದ್ದ. ಈ ಬಳ್ಳಿಗೆ ಬಲಗಡೆ ಕಂಡರಾಗದು, ಎಡಕ್ಕೇ ಬಿಡು. ರೆಜಿಗೆ ಬೆನ್ನು ಸೀಳುತ್ತಿತ್ತು, ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಮೊದಲ ದಿನದ ಹಾಗೆ ಕಂಡದ್ದನ್ನೆಲ್ಲ ಕತ್ತರಿಸದೆ ನೋಡಿ ಸವರಿದರೆ ದಿನಕ್ಕೆ ಒಂದು ಸಾಲು, ಕಷ್ಟಪಟ್ಟರೆ ಒಂದೂಕಾಲು. ಸಂಜೆ ಸೂಪಿನ ಚಮಚ ಎತ್ತಲು ಎಡಗೈಯ ಸಹಾಯ ಬೇಕಾಗುತ್ತಿತ್ತು. ಇದನ್ನೇ ಒಬ್ಬ ಹೆಂಗಸು ನಲವತ್ತನಾಲ್ಕು ಚಳಿಗಾಲ ಮಾಡಿದಳು, ನಾನು ನೆಲಮಾಳಿಗೆಯಲ್ಲಿ ಆರಾಮಾಗಿ ಮೂರು ಕಲ್ಲಿಟ್ಟುಕೊಂಡು ಪಾಠ ಮಾಡಿದೆ ಅನ್ನುವುದು ಮನಸ್ಸಿಗೆ ಬರುತ್ತಿತ್ತು. ಆದರೆ ನಾಚಿಕೆಪಡಲೂ ಮೈಯಲ್ಲಿ ಸ್ವಲ್ಪ ಕಸುವು ಬೇಕು, ಅಷ್ಟೂ ಉಳಿದಿರುತ್ತಿರಲಿಲ್ಲ.

ಅವನು ತಪ್ಪು ಕತ್ತರಿಸಿದಾಗಲೆಲ್ಲ ಆಕೆಯ ಬಲಗೈ ಜೇಬಿನೊಳಗೆ ಅಲ್ಲಾಡುತ್ತಿತ್ತು. ಹೊರಗೆ ಬರುತ್ತಿರಲಿಲ್ಲ.

ಫೆಬ್ರವರಿ ಹದಿನಾರರ ಮಧ್ಯಾಹ್ನ ಕ್ರೋದಲ್ಲಿ ಇನ್ನೂ ಒಂಬತ್ತು ಸಾಲು ಬಾಕಿ. ಬಳ್ಳಿಯಲ್ಲಿ ರಸ ಏರಿ ಸವರುವ ಕಾಲ ಮುಗಿಯುವುದಕ್ಕೆ ಮೂರು ವಾರವಿದೆ. ಒಬ್ಬನೇ ಮುಗಿಸಬಹುದು, ಸೊಂಟ ಉಳಿದರೆ. ಸೊಲಾಂಜ್ ಎದ್ದು ನಿಂತು ಹಿಂಬದಿಯ ಮಣ್ಣು ಕೊಡವಿಕೊಂಡಳು.

"ಇಪ್ಪತ್ತೊಂದು ಸಾಲಲ್ಲಿ ಎಷ್ಟು ಬಳ್ಳಿ ಕೆಡಿಸ್ದೆ?" ಅಂತ ಅವನೇ ಕೇಳಿದ.

"ಎಣಿಸ್ಲಿಲ್ಲ. ಮೊದಲ ವಾರ ಎಣಿಸ್ದೆ, ಆಮೇಲೆ ಬಿಟ್ಟೆ."

"ಕಮ್ಮಿ ಆಯ್ತು ಅಂತಾನಾ?"

"ಬೇಜಾರಾಯ್ತು ಅಂತ."

ಅವನು ನಕ್ಕ. ಆಕೆ ನಗಲಿಲ್ಲ. ಆಸ್ಪತ್ರೆಗೆ ಬೆಳಿಗ್ಗೆ ಏಳಕ್ಕೆ ಹೋಗಬೇಕು, ತಾನು ಕಾರು ತರುತ್ತೇನೆ ಅಂದ. ಆರೂವರೆಗೇ ಬಾ, ನೀನು ದಾರಿ ತಪ್ಪುವವನು ಅಂದಳು. ಇಳಿಜಾರಿನ ಕೆಳಗೆ ಊರಿನ ಹೊಗೆಗಳು ನೆಟ್ಟಗೆ ಮೇಲೇರುತ್ತಿದ್ದವು. ರೆಜಿ ಕತ್ತರಿ ಮುಚ್ಚಿ ಜೇಬಿಗೆ ಹಾಕಿಕೊಂಡ.

"ಮುಂದಿನ ಚಳಿಗಾಲ ಸುಮ್ನೆ ಬಂದು ನೋಡ್ತೀರಾ, ಸೊಲಾಂಜ್? ಕೆಲಸ ಏನೂ ಇಲ್ಲ. ಸುಮ್ನೆ ನೋಡೋಕೆ."

ಆಕೆ ಮೂವತ್ತು ಸಾಲನ್ನೂ ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಇದೆಲ್ಲ ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣ್ಸುತ್ತೆ. ಅದಕ್ಕೇ ಹೋದ ವಾರ ಪರದೆ ಹಾಕಿಸ್ದೆ."