ಅಕ್ಕನ ಕಂಪ್ಯೂಟರಿನ ಖಾಯಂ ವಿಳಾಸ

ಸಿದ್ಧಕಟ್ಟೆಯ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷವೇ ಅಕ್ಕನೂ ಬಂದಳು. ಬ್ರಾಡ್‌ಬ್ಯಾಂಡಿಗೆ ಅರ್ಜಿ ಹಾಕಿ ಎಂಟು ತಿಂಗಳು ಕಾದಿದ್ದೆ. ಅಕ್ಕ ಬೆಳ್ತಂಗಡಿಯ ಗಂಡನ ಮನೆಯಿಂದ ಒಂದು ಬೆಳಿಗ್ಗೆ, ಮುನ್ಸೂಚನೆಯೇ ಇಲ್ಲದೆ, ತನ್ನ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ರಿಕ್ಷಾದಲ್ಲಿ ಬಂದಿಳಿದಳು. ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುವುದು ಅವಳ ಕೆಲಸ.

"ಸ್ವಲ್ಪ ದಿವಸ ಇರ್ತೇನೆ," ಎಂದಳು.

ಎಷ್ಟು ದಿವಸ ಎಂದು ನಾನು ಕೇಳಲಿಲ್ಲ. ಕೇಳದೆಯೇ ಚಿಂತೆ ಮಾಡುವುದರಲ್ಲಿ ಮೊದಲಿನಿಂದಲೂ ನಾನು ನಿಸ್ಸೀಮ.

ಹೀಗೆ ಮನೆಯಲ್ಲಿ ಮೂರು ಕಂಪ್ಯೂಟರುಗಳಾದವು: ನನ್ನದು, ಹೆಂಡತಿಯದ್ದು, ಅಕ್ಕನದ್ದು. ಜೊತೆಗೊಂದು ಪ್ರಿಂಟರ್. ಮೋಡೆಮ್ ಇವಕ್ಕೆಲ್ಲ ಒಂದೊಂದು ನಂಬರು ಹಂಚುತ್ತಿತ್ತು. ಅದೇ ಅವುಗಳ ಮನೆಯೊಳಗಿನ ವಿಳಾಸ. ಕರೆಂಟು ಹೋಗಿ ಬಂದಾಗ, ಅಂದರೆ ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ, ನಂಬರುಗಳು ಅದಲುಬದಲಾಗುತ್ತಿದ್ದವು. ನಿನ್ನೆ ಇದ್ದ ವಿಳಾಸದಲ್ಲಿ ಪ್ರಿಂಟರು ಇವತ್ತು ಇಲ್ಲ. ಅಕ್ಕ ಕಳಿಸಿದ ಏಳನೇ ತರಗತಿಯ ಗಣಿತ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

ಇದಕ್ಕೆ ಉಪಾಯವಿತ್ತು. ಪ್ರತಿ ಯಂತ್ರಕ್ಕೂ ಅದರದ್ದೇ ಆದ, ಅಕ್ಷರ ಅಂಕಿ ಸೇರಿದ ಹನ್ನೆರಡು ಗುರುತುಗಳಿರುತ್ತವೆ. ಅವನ್ನು ಮೋಡೆಮಿನೊಳಗೆ ಬರೆದು, ಇದಕ್ಕೆ ಯಾವಾಗಲೂ ಇದೇ ನಂಬರು ಕೊಡು ಎಂದರಾಯಿತು. ಒಂದು ಭಾನುವಾರ ಕುಳಿತು ಆ ಕೆಲಸ ಮಾಡಿದೆ. ಒಂದು ಮೋಡೆಮಿನದ್ದೇ; ನನಗೆ ಎರಡು, ಹೆಂಡತಿಗೆ ಮೂರು, ಪ್ರಿಂಟರಿಗೆ ನಾಲ್ಕು. ಮರೆತೀತೆಂದು ಗುರುತುಗಳ ಸಮೇತ ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಗೋಡೆಯದ್ದು ಬಿದ್ದುಹೋದೀತೆಂದು ಪರ್ಸಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಂಡೆ.

ಅಕ್ಕನದ್ದನ್ನು ಬರೆಯಲಿಲ್ಲ. ಆ ವಾರವೇ ನಾನು ಗುಟ್ಟಾಗಿ ಬೆಳ್ತಂಗಡಿಗೆ ಹೋಗಿ ಭಾವನನ್ನು ಕಂಡು ಬಂದಿದ್ದೆ. "ಬರಲಿ, ನಾನೆಂತ ಬೇಡ ಹೇಳಿದ್ದೇನಾ?" ಎಂದಿದ್ದರು. ಅಷ್ಟೇ ಮಾತಿನ ಮೇಲೆ ನಾನು ಮನಸ್ಸಿನಲ್ಲೇ ಅಕ್ಕನ ಸಂಸಾರವನ್ನು ಸರಿಮಾಡಿಬಿಟ್ಟಿದ್ದೆ. ಹೇಗೂ ಹಿಂದೆ ಹೋಗುವವಳು, ನಂಬರು ಯಾಕೆ?

ಮರುದಿನ ಪ್ರಿಂಟು ತೆಗೆಯಲು ಬಂದ ಅಕ್ಕ ರಟ್ಟಿನ ಮುಂದೆ ನಿಂತಳು.

"ಇದೆಂತ ಮಾರಾಯ, ರೇಷನ್ ಕಾರ್ಡಾ?"

"ಖಾಯಂ ವಿಳಾಸ ಅಕ್ಕ. ಇನ್ನು ಬದಲಾಗುದಿಲ್ಲ."

"ಪ್ರಿಂಟರಿಗೂ ಖಾಯಂ ಉಂಟು!" ನಕ್ಕಳು. ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದಳು. "ನನ್ನದು?"

"ನಿನ್ನದಕ್ಕೆ ಬೇಕೂಂತ ಇಲ್ಲ. ಖಾಲಿ ಇರುವ ಯಾವುದಾದ್ರೂ ಸಿಗ್ತದೆ."

"ಹಾಗಾ," ಎಂದಳು. "ಖಾಲಿ ಇದ್ರೆ."

ನಮ್ಮದು ಅಳಿಯಕಟ್ಟು, ತಾಯಿಯ ಆಸ್ತಿ ಹೆಣ್ಣುಮಕ್ಕಳಿಗೆ ಬರುವ ಕುಟುಂಬ. ಈ ಮನೆ ನಿಂತದ್ದೂ ತಾಯಿಯ ಜಾಗದಲ್ಲಿಯೇ. ಹಿಂದಿನ ಕಾಲವಾಗಿದ್ದರೆ ಇಲ್ಲಿ ನೆಂಟ ನಾನು, ಅವಳಲ್ಲ. ಅಕ್ಕ ಅದನ್ನು ಆಡಿ ತೋರಿಸಲಿಲ್ಲ. ಆಡಿದ್ದರೆ ಜಗಳವಾದರೂ ಆಗುತ್ತಿತ್ತು.

ತಿಂಗಳೊಳಗೆ ಅವಳಿಗೆ ಮೂಡುಬಿದಿರೆಯ ಒಂದು ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಸಿಕ್ಕಿತು. ಗಂಟುಮೂಟೆ ಹೊತ್ತುಕೊಂಡು ನಾನೂ ಹೋದೆ. ಆಫೀಸಿನಲ್ಲಿ ಫಾರ್ಮು ಕೊಟ್ಟರು. ಈಗಿನ ವಿಳಾಸ ಎಂಬಲ್ಲಿ ಹಾಸ್ಟೆಲಿನದ್ದು ಬರೆದಳು. ಅದರ ಕೆಳಗೆ, ಖಾಯಂ ವಿಳಾಸ. ಪೆನ್ನು ನಿಂತಿತು. ಅಕ್ಕ ನನ್ನ ಮುಖ ನೋಡಿದಳು.

'ನಮ್ಮ ಮನೆಯದ್ದು ಬರಿ ಅಕ್ಕ' ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಹಾಗೆ ಬರೆದದ್ದು ಭಾವನ ಕಿವಿಗೆ ಬಿದ್ದರೆ? ಇನ್ನು ಅವಳು ಬರುವುದೇ ಇಲ್ಲ ಎಂದು ತಿಳಿದುಕೊಂಡರೆ? ನಾನು ಹೀಗೆ ಒಂದಕ್ಕೊಂದು ಪೋಣಿಸುತ್ತಿರುವಾಗಲೇ ಅಕ್ಕ ತಲೆ ತಗ್ಗಿಸಿ 'ಮೇಲಿನಂತೆ' ಎಂದು ಬರೆದು ಸಹಿ ಹಾಕಿದಳು. ಅಕ್ಷರ ದುಂಡಗಿತ್ತು.

ಮನೆಗೆ ಬಂದವನೇ ಮೋಡೆಮ್ ತೆರೆದೆ. ಅದಕ್ಕೆ ಸೇರಿಕೊಂಡಿದ್ದ ಯಂತ್ರಗಳ ಪಟ್ಟಿಯಲ್ಲಿ ಅವಳ ಕಂಪ್ಯೂಟರಿನ ಗುರುತು ಇನ್ನೂ ಇತ್ತು. ಅದಕ್ಕೆ ಐದನೆಯ ನಂಬರು ಕೊಟ್ಟು, ರಟ್ಟಿನ ಮೇಲೆ 'ಐದು: ಅಕ್ಕ' ಎಂದು ಬರೆದೆ. ಕಂಪ್ಯೂಟರು ಆಗಲೇ ಹಾಸ್ಟೆಲಿನ ಕೋಣೆಯಲ್ಲಿತ್ತು.

ಎರಡು ವರ್ಷದ ಮೇಲೆ ಒಂದು ಭಾನುವಾರ ಅಕ್ಕ ಊಟಕ್ಕೆ ಬಂದಿದ್ದಾಗ ರಟ್ಟಿನ ಮೇಲಿನ ಆ ಸಾಲನ್ನು ಓದಿದಳು.

"ಆ ಕಂಪ್ಯೂಟರನ್ನು ಗುಜರಿಗೆ ಹಾಕಿ ಆಯ್ತಲ್ಲ ಮಾರಾಯ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ನಂಬರನ್ನು ಬೇರೆ ಯಾವುದಕ್ಕಾದ್ರೂ ಕೊಡು, ಸುಮ್ಮನೆ ವೇಸ್ಟ್ ಯಾಕೆ?"

"ಇವತ್ತು ಉಳಿ ಅಕ್ಕ," ಎಂದೆ.

"ಐದರ ಬಸ್ಸು ತಪ್ಪಿದ್ರೆ ಮತ್ತೆ ಕಷ್ಟ. ಹುಡುಗಿಯರ ಹಾಜರಿ ತೆಗೀಬೇಕು," ಎಂದು ಚಪ್ಪಲಿ ಹಾಕಿಕೊಂಡಳು.

ನಮ್ಮಲ್ಲಿ ಪ್ರತಿ ವರ್ಷ ಮೊದಲ ಸಿಡಿಲಿಗೆ ಮೋಡೆಮ್ ಸುಟ್ಟುಹೋಗುತ್ತದೆ. ಹೊಸದು ತಂದಾಗ ನಂಬರುಗಳನ್ನೆಲ್ಲ ಮತ್ತೆ ಬರೆಯಬೇಕು. ನನ್ನದಕ್ಕೂ ಹೆಂಡತಿಯದ್ದಕ್ಕೂ ಪರ್ಸಿನ ಚೀಟಿ ಬೇಕಾಗುತ್ತದೆ. ಐದನೆಯದ್ದಕ್ಕೆ ಬೇಡ. ಅದರ ಹನ್ನೆರಡು ಗುರುತುಗಳು ನನಗೆ ಬಾಯಿಪಾಠ. ಮೊದಲು ಅದನ್ನೇ ಬರೆಯುತ್ತೇನೆ.