ತಮ್ಮನ ಅಂಗೈ

ನನಗೂ ನನ್ನ ತಮ್ಮನಿಗೂ ದೀಕ್ಷೆ ಆದದ್ದು ಒಂದೇ ದಿನ. ಅಂದಿನಿಂದ ಹೆಡತಲೆ ಊರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಇಬ್ಬರೂ ಪಕ್ಕಪಕ್ಕ ಮಣೆ ಹಾಕಿಕೊಂಡು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆಗೆ ಕೂರುತ್ತೇವೆ. ಬಾಯಿ ಬಿಟ್ಟು ಹೇಳಿಕೊಳ್ಳದ ಒಂದು ಪಂದ್ಯವೂ ನಡೆಯುತ್ತಿತ್ತು, ಯಾರ ಕೈ ಮೊದಲು ಸೋಲುತ್ತದೆ ಅಂತ. ನಾನು ಅಣ್ಣ, ಎಂದೂ ಸೋತವನಲ್ಲ.

ಹೋದ ವರ್ಷ ಬೆರಳುಗಳಿಗೆ ಏನೋ ಆಯಿತು. ಒಂದು ಬಿಲ್ವಪತ್ರೆ ಇಡಲು ಹೋದರೆ ಎರಡು ಮೂರು ಒಟ್ಟಿಗೆ ಬೀಳುತ್ತಿದ್ದವು. ಒಂದು ಬೆಳಿಗ್ಗೆ ಲಿಂಗವೇ ಅಂಗೈಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಯಾವುದೋ ಲೋಪಕ್ಕೆ ಶಿವ ಕೊಟ್ಟ ಶಿಕ್ಷೆ ಅಂದುಕೊಂಡೆ. ಇಂಥದ್ದನ್ನು ಯಾರಿಗಾದರೂ ಹೇಳುವುದುಂಟೇ? ಅರ್ಧಕ್ಕೇ ಪೂಜೆ ಮುಗಿಸಿ ಏಳತೊಡಗಿದೆ. ಪಕ್ಕದಲ್ಲಿ ತಮ್ಮ ಮಿಸುಕದೆ ಕೂತಿರುತ್ತಿದ್ದ. ಆ ಕೈ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅವನದೂ ಒಂದು ದಿನ ನಡುಗಲಿ ಅಂತ ಲಿಂಗದೆದುರೇ ಬಯಸಿದ್ದೇನೆ.

ಕಡೆಗೆ ನನ್ನನ್ನು ನಂಜನಗೂಡಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದವನೂ ಅವನೇ. ಸಕ್ಕರೆ ಕಾಯಿಲೆ ಇರಬೇಕು, ಬೇರೇನಿಲ್ಲ ಅಂದೆ ನಾನು. ಯಾರೂ ಕೇಳದೆಯೇ ತಮ್ಮ ಬಾಯಿ ಹಾಕಿದ.

“ಗುಂಡಿ ಅಂಗಿ ಬುಟ್ಟು ಜುಬ್ಬ ಇಡ್ಕಂಡವ್ರೆ ಸಾ. ಗದ್ದೇಲಿ ಚಪ್ಲಿ ಜಾರೋದ್ರೂ ಗೊತ್ತಾಗಕಿಲ್ಲ, ಬರಿಗಾಲಲ್ಲೇ ಬತ್ತಾರೆ.”

ಜುಬ್ಬ ಸೆಕೆಗೆ ಅಂತ ಊರಿಗೆಲ್ಲ ಹೇಳಿಕೊಂಡಿದ್ದೆ. ಇವನು ಎಲ್ಲವನ್ನೂ ನೋಡಿಟ್ಟಿದ್ದ.

ಡಾಕ್ಟರು ಬೇಗ ಬೇಗ ಮುಷ್ಟಿ ಬಿಗಿದು ಬಿಚ್ಚಿ ಅಂದರು. ನನ್ನ ಬೆರಳುಗಳು ಮಾತು ಕೇಳಲಿಲ್ಲ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ನಡೆಯಿರಿ ಅಂದರು, ತೂರಾಡಿದೆ. ಆಮೇಲೆ ನನ್ನ ನಡುಬೆರಳಿನ ಉಗುರನ್ನು ಒತ್ತಿ ಚಿಮ್ಮಿದರು. ಹೆಬ್ಬೆರಳು ತಾನಾಗಿ ಒಳಕ್ಕೆ ಮಡಚಿಕೊಂಡಿತು. ಸರಿಯಿರುವ ಕೈಯಲ್ಲಿ ಅದು ಅಲುಗಬಾರದಂತೆ.

“ಇವನಿಗೂ ಮಾಡಿ ನೋಡಿ ಸಾ” ಅಂದೆ.

ಡಾಕ್ಟರು ನಕ್ಕು ಅವನಿಗೂ ಮಾಡಿದರು. ಅವನ ಹೆಬ್ಬೆರಳು ಅಲುಗಲಿಲ್ಲ.

ಮೈಸೂರಿನಲ್ಲಿ ಸ್ಕ್ಯಾನ್ ಆದ ಮೇಲೆ ವಿಷಯ ಗೊತ್ತಾಯಿತು. ವಯಸ್ಸಿಗೆ ಸವೆದ ಕತ್ತಿನ ಮೂಳೆ ಒಳಗೆ ಕೈಕಾಲಿಗೆ ಇಳಿಯುವ ನರದ ಹುರಿಯನ್ನು ಅಮುಕುತ್ತಿದೆಯಂತೆ. ಕತ್ತು ಒಂದು ದಿನವೂ ನೋಯಲಿಲ್ಲವಲ್ಲ ಅಂದೆ. ಎಷ್ಟೋ ಜನಕ್ಕೆ ನೋಯುವುದಿಲ್ಲ, ಅದಕ್ಕೇ ಗೊತ್ತಾಗುವುದು ತಡ ಅಂದರು ಡಾಕ್ಟರು. ಆಪರೇಷನ್ ಮಾಡಿದರೆ ಇನ್ನಷ್ಟು ಕೆಡದಂತೆ ತಡೆಯಬಹುದು, ಕೈ ಮೊದಲಿನಂತಾಗುತ್ತದೆ ಅಂತ ಮಾತು ಕೊಡಲಾರೆ ಅಂತಲೂ ಅಂದರು. ಶಿವನ ಶಿಕ್ಷೆ ಅಲ್ಲವಲ್ಲ ಅಂತ ನನಗೆ ಸಮಾಧಾನ ಆಗಬೇಕಿತ್ತು. ತಲೆಯಲ್ಲಿದ್ದದ್ದು ಬೇರೆ. ಅದೇ ತಾಯಿ, ಅದೇ ಮುದ್ದೆ, ಅದೇ ಹೊಲದ ಕೆಲಸ. ಇವನ ಕತ್ತು ಯಾಕೆ ಸವೆಯಲಿಲ್ಲ?

ಆಪರೇಷನ್‌ಗೆ ಹೊರಡುವ ಬೆಳಿಗ್ಗೆ ತಮ್ಮ ತನ್ನ ಪೂಜೆಯನ್ನು ಬೇಗ ಮುಗಿಸಿ, ಲಿಂಗವನ್ನು ಕೊರಳಿನ ಕರಡಿಗೆಯಲ್ಲಿಟ್ಟ. ಮಣೆಯನ್ನು ಹತ್ತಿರ ಎಳೆದುಕೊಂಡು, ತನ್ನ ಅಂಗೈಯನ್ನು ನನ್ನ ಅಂಗೈಯ ಕೆಳಗೆ ಕೊಟ್ಟ.

“ನಿಧಾನಕ್ಕೆ ಮಾಡ್ಕಳಣ್ಣ. ನಾನು ಇಡ್ಕಂಡಿವ್ನಿ.”

ಎಷ್ಟೋ ದಿನದಿಂದ ಅರ್ಧಕ್ಕೇ ನಿಲ್ಲುತ್ತಿದ್ದ ಪೂಜೆಯನ್ನು ಅಂದು ಪೂರಾ ಮಾಡಿದೆ. ಮುಗಿದ ಮೇಲೂ ಕಣ್ಣು ಬಿಡಲಿಲ್ಲ. ಇವನ ಕೈ ಸೋಲಲಿ ಅಂತ ಕಾಯುತ್ತ ಕೂತೆ. ಸೋಲಲಿಲ್ಲ.